ಅಪ್ಪನ ಸಂಬಳ

ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ಹಾಜರಿಗಷ್ಟೇ ಬಳಕೆಯಾಯಿತು. ಮನೆಯಲ್ಲೂ ಷೆಡ್ಡಿನಲ್ಲೂ ಅವಳು ಕತ್ತರಿ. ನಡೆಯಲು ಕಲಿತ ಹೊಸದರಲ್ಲೇ ಅಪ್ಪನ ಮೇಜಿನಿಂದ ಕತ್ತರಿ ಎಗರಿಸಿ, ಕಿಟಕಿಯ ಪರದೆ, ಗೋಡೆಯ ಕ್ಯಾಲೆಂಡರು, ಚಿಕ್ಕಪ್ಪನ ಹೊಸ ಅಂಗಿಯ ತೋಳು, ಹೀಗೆ ಕೈಗೆ ಸಿಕ್ಕಿದ್ದಕ್ಕೆಲ್ಲ ಒಂದು ಗತಿ ಕಾಣಿಸಿದ್ದಳು. ದೊಡ್ಡವಳಾದ ಮೇಲೆ ಆ ಚಟ ಕೈಬಿಟ್ಟು ಬಾಯಿಗೆ ಬಂತು. ಎದುರಿನವರು ಮಾತು ಮುಗಿಸುವ ಮೊದಲೇ ನಡುವೆ ತುಂಡರಿಸಿ, "ಅಂದ್ರೆ ಒಟ್ಟಿನಲ್ಲಿ ಇಷ್ಟು ತಾನೇ?" ಎನ್ನುವಳು. ಅಮ್ಮ ಇದಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪನಿಗೆ ಮಾತ್ರ ಮಗಳ ಬಾಯಿ ಎಂದರೆ ಬಲು ಹೆಮ್ಮೆ. ತಮಗೆ ಮಾತು ಬಾರದವರಿಗೆ ಮಾತು ಬರುವ ಮಕ್ಕಳ ಮೇಲೆ ಇರುವ ಹೆಮ್ಮೆ ಅದು.

ಷೆಡ್ಡು ಎಂದರೆ ರಟ್ಟಿನ ಡಬ್ಬ ಮಾಡುವ ಜಾಗ. ಅದನ್ನು ಫ್ಯಾಕ್ಟರಿ ಎಂದು ಕರೆಯುತ್ತಿದ್ದವನು ಚಿಕ್ಕಪ್ಪ ಒಬ್ಬನೇ, ಅದೂ ಗಿರಾಕಿಗಳ ಮುಂದೆ. ತಗಡಿನ ಚಾವಣಿ, ಒಂದು ಕಡೆ ರಟ್ಟಿನ ಹಾಳೆಗಳ ಗುಡ್ಡೆ, ನಡುವೆ ಕತ್ತರಿಸುವ ಯಂತ್ರ, ಮಡಚಲು ಗೆರೆ ಒತ್ತುವ ಯಂತ್ರ, ಪಿನ್ನು ಹೊಡೆಯುವ ಯಂತ್ರ, ಇನ್ನೊಂದು ಕಡೆ ಉದ್ದನೆಯ ಹಲಗೆಯ ಮೇಲೆ ಅಂಟು ಹಚ್ಚುವ ಹೆಂಗಸರು. ಚಪ್ಪಲಿಯ ಡಬ್ಬ, ಬಲ್ಬಿನ ಡಬ್ಬ, ಬಟ್ಟೆ ಅಂಗಡಿಯ ಡಬ್ಬ. ಎಲ್ಲವೂ ಮನೆಗೆ ತಂದ ಕೂಡಲೇ ಬಿಸಾಡುವಂಥವು. ಅಪ್ಪ ಒಳಗಿನ ಕೆಲಸ ನೋಡುತ್ತಿದ್ದ, ಚಿಕ್ಕಪ್ಪ ಸ್ಕೂಟರ್ ಹತ್ತಿ ಹೊರಗಿನ ಆರ್ಡರ್ ತರುತ್ತಿದ್ದ. ಪಾಲು ಅರ್ಧರ್ಧ. ಸಂಬಳ ಅಂತ ಇಬ್ಬರಿಗೂ ಇರಲಿಲ್ಲ. ಮನೆಗೆ ಬೇಕಾದಾಗ ಗಲ್ಲಾದಿಂದ ತೆಗೆಯುವುದು, ಒಬ್ಬ ತೆಗೆದಷ್ಟನ್ನೇ ಇನ್ನೊಬ್ಬನೂ ತೆಗೆಯುವುದು, ಅಷ್ಟೇ ಅವರ ಕಟ್ಟಳೆ. ಕೆಲಸ ಜಾಸ್ತಿ ಬಂದಾಗ ಅಮ್ಮನೂ ಸೆರಗು ಸಿಕ್ಕಿಸಿ ಹಲಗೆಯ ಮುಂದೆ ಕೂರುತ್ತಿದ್ದಳು. ಅಪ್ಪನ ಉಗುರಿನ ಸಂದಿಯಲ್ಲಿ ಒಣಗಿದ ಅಂಟು ಯಾವ ಸೋಪಿಗೂ ಜಗ್ಗದೆ ಕೂತಿರುತ್ತಿತ್ತು, ಮದುವೆಮನೆಗೆ ಹೋದರೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಿದ್ದ.

ಕತ್ತರಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ ಅಪ್ಪನಿಗೆ ಒಂದು ಹೊಸ ಯಂತ್ರದ ಮೇಲೆ ಕಣ್ಣು ಬಿತ್ತು. ಗೆರೆ ಒತ್ತುವುದನ್ನೂ ಮೂಲೆ ಕತ್ತರಿಸುವುದನ್ನೂ ಒಂದೇ ಏಟಿಗೆ ಮಾಡುವ ಯಂತ್ರ. ಅದಿಲ್ಲದೆ ಆರ್ಡರ್‌ಗಳು ಒಂದೊಂದಾಗಿ ಬೇರೆ ಕಡೆ ಜಾರುತ್ತಿದ್ದವು. ಯಂತ್ರ ಬಂದರೆ ಷೆಡ್ಡು ಉಳಿಯುತ್ತದೆ, ಬಾರದಿದ್ದರೆ ಬಾಗಿಲು ಹಾಕುವ ದಿನ ಎಣಿಸುತ್ತ ಕೂರಬೇಕು ಎನ್ನುವ ಹಾಗಾಗಿತ್ತು. ಅಪ್ಪ ಸಾಲ ಕೇಳಲು ಬ್ಯಾಂಕಿಗೆ ಹೋದ. ಹೋಗುವಾಗ ಕೈಯಲ್ಲಿ ತನ್ನದೇ ಒಂದು ಡಬ್ಬ ಹಿಡಿದುಕೊಂಡು ಹೋದ ಪುಣ್ಯಾತ್ಮ. ಮ್ಯಾನೇಜರ ಎದುರಿಗೆ ಅದನ್ನು ನೆಲಕ್ಕಿಟ್ಟು, ಚಪ್ಪಲಿ ಬಿಚ್ಚಿ, ಅದರ ಮೇಲೆ ಹತ್ತಿ ನಿಂತು ತೋರಿಸಿದನಂತೆ, ನೋಡಿ ಕುಗ್ಗುವುದಿಲ್ಲ ಎಂದು. ಮ್ಯಾನೇಜರು ಒಳ್ಳೆಯವರೇ, ನಗು ಬಂದರೂ ನುಂಗಿಕೊಂಡು, ಮುಂದಿನ ಐದು ವರ್ಷ ಈ ವ್ಯವಹಾರ ಎಷ್ಟು ತರುತ್ತದೆ ಎಂಬ ಲೆಕ್ಕದ ವರದಿ ಬೇಕು ಎಂದರು. ಅಪ್ಪ ಡಬ್ಬ ಎತ್ತಿಕೊಂಡು ವಾಪಸು ಬಂದ.

"ಅವರು ಕೇಳೋದು ಏನು ಅಂತಾನೇ ನಮಗೆ ತಿಳಿಯಲ್ಲ," ಎಂದ ತಮ್ಮನಿಗೆ. "ಕತ್ತರಿ ಓದಲಿ. ಮನೇಲಿ ಒಬ್ಬರಿಗಾದ್ರೂ ಅದು ಬರಬೇಕು."

ಹೀಗೆ ಅವಳು ವಿಶ್ವವಿದ್ಯಾಲಯಕ್ಕೆ ಕಾರ್ಪೊರೇಟ್ ಫೈನಾನ್ಸ್ ಮತ್ತು ಹೂಡಿಕೆ ಓದಲು ಸೇರಿದ್ದು. ಫೀಸು ಗಲ್ಲಾದಿಂದಲೇ ಹೋಯಿತು. ಚಿಕ್ಕಪ್ಪ ಒಂದು ಮಾತೂ ಆಡದೆ ಅಷ್ಟೇ ಮೊತ್ತವನ್ನು ತನ್ನ ಪಾಲಿಗೆ ತೆಗೆಯದೆ ಬಿಟ್ಟ. ಆಮೇಲೆ ಬೀದಿಯ ಜನ ಅವನನ್ನು ಏನೇ ಅಂದರೂ ಕತ್ತರಿ ಈ ಒಂದನ್ನು ಮಾತ್ರ ಮರೆಯಲಾರಳು.

ಅಲ್ಲಿ ಪಾಠ ಹೇಳುತ್ತಿದ್ದವರಿಗೆ ಹುಡುಗರು ಡಿಸ್ಕೌಂಟ್ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ನಾಳೆ ಬರುವ ದುಡ್ಡು ಇವತ್ತಿನ ದುಡ್ಡಿಗಿಂತ ಕಡಿಮೆ, ನಾಡಿದ್ದು ಬರುವುದು ಇನ್ನೂ ಕಡಿಮೆ, ಎಲ್ಲವನ್ನೂ ಇಷ್ಟಿಷ್ಟು ಕಳೆದೇ ಬೆಲೆ ಕಟ್ಟಬೇಕು ಎನ್ನುವುದು ಅವರ ಮೊದಲ ಪಾಠ, ನಡುವಿನ ಪಾಠ, ಕೊನೆಯ ಪಾಠ. ಯಾರಾದರೂ ನಮಸ್ಕಾರ ಸರ್ ಎಂದರೂ ಅದರಲ್ಲಿ ಒಂದಿಷ್ಟು ಕಳೆದೇ ಸ್ವೀಕರಿಸುತ್ತಾರೆ ಎಂದು ಹಿಂದಿನ ಬೆಂಚಿನವರು ಆಡಿಕೊಳ್ಳುತ್ತಿದ್ದರು. ಒಣಕಲು ಮೈ, ಇಸ್ತ್ರಿ ಮಾಡಿದ ಅಂಗಿ, ಬಾಟಲಿಯಲ್ಲಿ ಮನೆಯ ಕಾಫಿ. ಜೋರು ಮಾಡಿದ್ದು ಯಾರೂ ಕೇಳಿಲ್ಲ. ಒಂದು ವಿಷಯದಲ್ಲಿ ಮಾತ್ರ ಅವರು ಕಟ್ಟುನಿಟ್ಟು. ನನ್ನ ತರಗತಿಯಲ್ಲಿ ಯಾರೂ ಬಿಟ್ಟಿ ದುಡಿಯುವ ಹಾಗಿಲ್ಲ, ಎನ್ನುವರು. ಅಂಗಡಿ ಗುಡಿಸುವುದು ಮಾಲೀಕನ ತಾಯಿಯೇ ಆದರೂ ಆಕೆಗೊಂದು ಸಂಬಳ ಬರೆಯಿರಿ, ಬರೆದ ಮೇಲೂ ಲಾಭ ಉಳಿದರೆ ಅದು ವ್ಯಾಪಾರ, ಉಳಿಯದಿದ್ದರೆ ಅದು ಮನೆಯವರ ರಕ್ತ ಹಿಂಡಿ ಬೆಳಗಿಸಿದ ದೀಪ.

ಕತ್ತರಿಗೆ ಈ ವಿದ್ಯೆ ಮೊದಲ ವಾರವೇ ಹಿಡಿಸಿಬಿಟ್ಟಿತು. ಹಿಡಿಸಿತು ಎಂದರೆ ಸಾಲದು, ಹುಚ್ಚು ಹಿಡಿಸಿತು. ಜಗತ್ತಿನ ಯಾವ ಗೊಂದಲವಾದರೂ ಸರಿ, ಮುಂದೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಬಾರದೇ ಹೋಗುವ ಭಯ ಎಷ್ಟು ಎಂಬ ಮೂರು ಪ್ರಶ್ನೆಗೆ ಇಳಿಸಿದರೆ ಕೊನೆಗೆ ಒಂದೇ ಒಂದು ಅಂಕಿ ಉಳಿಯುತ್ತದೆ. ಅಂಕಿ ಸೊನ್ನೆಗಿಂತ ಮೇಲಿದ್ದರೆ ಮಾಡು, ಕೆಳಗಿದ್ದರೆ ಬಿಡು. ಹುಟ್ಟಿದಾಗಿನಿಂದ ಅವಳು ಎಲ್ಲರ ಬಾಯಿಂದ ಕೇಳಲು ಹಪಹಪಿಸುತ್ತಿದ್ದದ್ದು ಇದನ್ನೇ. ತಾತನಿಂದ ಬಂದ ಷೇರುಗಳ ಬಗ್ಗೆ ಮಾತಾಡುವ ಹುಡುಗರು, ಅಪ್ಪಂದಿರ ಕಂಪನಿಗೆ ನೇರವಾಗಿ ಹೋಗಿ ಕೂರಲಿರುವ ಹುಡುಗಿಯರು ತಿಣುಕಾಡುತ್ತಿದ್ದ ಲೆಕ್ಕಗಳನ್ನು ಅಂಟಿನ ವಾಸನೆಯ ಚೀಲ ಹೊತ್ತು ಬರುತ್ತಿದ್ದ ಇವಳು ಕಾಫಿ ಕುಡಿಯುವಷ್ಟರಲ್ಲಿ ಮಾಡಿ ಮುಗಿಸುವಳು. ಮನೆಗೆ ಬಂದು ಊಟದ ಹೊತ್ತಿಗೆ ಅಪ್ಪನಿಗೆ ಅದನ್ನೆಲ್ಲ ವಿವರಿಸುವಳು. ಅವನು ಅರ್ಥವಾದವನಂತೆ ತಲೆಯಾಡಿಸುವನು, ಕೊನೆಯಲ್ಲಿ ಮಾತ್ರ ಯಂತ್ರಕ್ಕೆ ಸಾಲ ಸಿಗುತ್ತೆ ತಾನೇ ಎಂದು ಕೇಳುವನು.

ಎರಡನೆಯ ವರ್ಷ ಮೇಷ್ಟ್ರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಪುಸ್ತಕದ ಕಂಪನಿ ಬೇಡ, ಕಣ್ಣ ಮುಂದೆ ನಡೆಯುತ್ತಿರುವ ಒಂದು ವ್ಯವಹಾರವನ್ನು ಹಿಡಿಯಿರಿ, ಅದು ನಡೆಸಲು ಯೋಗ್ಯವೋ ಮುಚ್ಚಲು ಯೋಗ್ಯವೋ ಹೇಳಿ. ವರ್ಷದ ಅರ್ಧ ಅಂಕ ಅದಕ್ಕೇ. ಕೊನೆಗೆ ಎಲ್ಲರ ಎದುರು ನಿಂತು ಒಪ್ಪಿಸಬೇಕು, ಹೊರಗಿನ ಹೂಡಿಕೆ ಕಂಪನಿಯವರೂ ಬಂದು ಕೂರುತ್ತಾರೆ. ಕತ್ತರಿಗೆ ಹುಡುಕುವ ತೊಂದರೆಯೇ ಇರಲಿಲ್ಲ. ಮೇಷ್ಟ್ರಿಗೆ ಬರೆದುಕೊಟ್ಟ ವರದಿಯನ್ನೇ ಬ್ಯಾಂಕಿಗೂ ಕೊಟ್ಟರಾಯಿತು, ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಲೆಕ್ಕ ಹಾಕಿದಳು.

ಅವಳು ಲೆಕ್ಕ ಬರೆದುಕೊಳ್ಳಲು ಬಂದ ದಿನ ಅಪ್ಪ ಒಗೆದ ಅಂಗಿ ಹಾಕಿಕೊಂಡು ಷೆಡ್ಡಿಗೆ ಬಂದ. ಮಗಳು ಕೇಳುವಳು, ಅವನು ಹೇಳುವನು. ಹುಟ್ಟಿದಾಗಿನಿಂದ ಓಡಾಡಿದ ಜಾಗದಲ್ಲಿ ಅವಳು ಹೊರಗಿನವಳ ಹಾಗೆ ಅಳತೆ ಹಿಡಿದು ನಡೆದಳು. ರಟ್ಟು ಎಲ್ಲಿಂದ ಬರುತ್ತದೆ, ಎಷ್ಟು ಹಾಳಾಗುತ್ತದೆ, ಯಂತ್ರ ಯಾವಾಗ ಕೊಂಡದ್ದು. ಅಪ್ಪ ಮೇಷ್ಟ್ರ ಮುಂದೆ ನಿಂತ ಹುಡುಗನಂತೆ ಕೈ ಕಟ್ಟಿ ಉತ್ತರಿಸಿದ. ಅಂಟಿನ ಹೆಂಗಸರಲ್ಲಿ ಹಿರಿಯಳು ನಗೆ ತಡೆಯದೆ, ನಮ್ಮ ಧಣಿಯನ್ನೂ ಪರೀಕ್ಷೆಗೆ ಕೂರಿಸಿದಳಲ್ಲ ಹುಡುಗಿ ಎಂದಳು. ದಿನಕ್ಕೆ ಎಷ್ಟು ಹೊತ್ತು ಕೆಲಸ ಮಾಡುತ್ತೀಯ ಎಂದು ಕೇಳಿದ್ದಕ್ಕೆ ಅಪ್ಪ ತಬ್ಬಿಬ್ಬಾದ. ಅದನ್ನು ಯಾರೂ ಈವರೆಗೆ ಕೇಳಿರಲಿಲ್ಲ. ಬಾಗಿಲು ತೆಗೆಯುವವನೂ ತಾನೇ, ಹಾಕುವವನೂ ತಾನೇ ಎಂದ. ವಯಸ್ಸು ಎಷ್ಟು ಎಂದು ಅವಳು ಕೇಳಲಿಲ್ಲ. ತನ್ನಪ್ಪನ ವಯಸ್ಸು ತನಗೆ ಗೊತ್ತಿಲ್ಲವೇ ಎಂದುಕೊಂಡಳು. ಗೊತ್ತಿದ್ದದ್ದಕ್ಕೇ ಬರೆಯಲೂ ಇಲ್ಲ.

ವರದಿ ಬರೆಯಲು ಕೂತಾಗ ಮೊದಲ ಸುತ್ತಿಗೆ ಎಲ್ಲವೂ ಚೆಂದವಾಗಿ ಬಂತು. ಷೆಡ್ಡು ದೊಡ್ಡ ಲಾಭದ್ದಲ್ಲ, ಆದರೆ ನಡೆಯುತ್ತಿತ್ತು. ಆಮೇಲೆ ಮೇಷ್ಟ್ರ ನಿಯಮ. ಅವರೇ ಹಂಚಿದ್ದ ಸಂಬಳದ ಪಟ್ಟಿಯಲ್ಲಿ ಅವಳು ಹುಡುಕಿದಳು. ಉತ್ಪಾದನಾ ಮೇಲ್ವಿಚಾರಕ, ದೀರ್ಘ ಅನುಭವ, ಯಂತ್ರಗಳ ನಿರ್ವಹಣೆ ಬಲ್ಲವರು. ತಿಂಗಳಿಗೆ ನಲವತ್ತೆರಡು ಸಾವಿರ. ಅಪ್ಪನ ಹೆಸರಿನ ಮುಂದೆ ಅದನ್ನು ಬರೆದಳು. ಚಿಕ್ಕಪ್ಪನಿಗೆ ಮಾರಾಟದವರ ಸಂಬಳ, ಅಮ್ಮನಿಗೆ ಹಂಗಾಮಿ ಕೂಲಿ ಬರೆದಳು. ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ಲಾಭ ಇದ್ದ ಜಾಗದಲ್ಲಿ ದೊಡ್ಡ ನಷ್ಟ ಕೂತಿತ್ತು. ಹೊಸ ಯಂತ್ರ ಸೇರಿಸಿ ನೋಡಿದಳು, ನಷ್ಟ ಸಣ್ಣದಾಯಿತೇ ಹೊರತು ಹೋಗಲಿಲ್ಲ. ಇಂಥ ವ್ಯವಹಾರಕ್ಕೆ ಯಾವ ಬ್ಯಾಂಕೂ ಒಂದು ಕಾಸು ಕೊಡಬಾರದು, ಅವಳೇ ಮ್ಯಾನೇಜರಾಗಿದ್ದರೆ ಕೊಡುತ್ತಿರಲಿಲ್ಲ.

ಇನ್ನೆರಡು ಸಲ ಕೂಡಿ ನೋಡಿದಳು. ಮರುದಿನ ಮೇಷ್ಟ್ರ ಕೋಣೆಗೆ ಹೋಗಿ ತೋರಿಸಿದಳು. ಯಾರ ಷೆಡ್ಡು ಎಂದು ಹೇಳಲಿಲ್ಲ. ಅವರು ಕನ್ನಡಕ ಏರಿಸಿ ಕೆಳಗಿನ ಸಾಲಿನಿಂದ ಮೇಲಕ್ಕೆ ಓದಿದರು, ಲೆಕ್ಕದಲ್ಲಿ ತಪ್ಪಿಲ್ಲ ಎಂದರು. "ಈ ಮನುಷ್ಯ ತಿಂಗಳು ತಿಂಗಳೂ ತನ್ನ ಸಂಬಳವನ್ನ ಗಿರಾಕಿಗಳಿಗೆ ದಾನ ಮಾಡ್ತಿದ್ದಾನೆ," ಎಂದರು. "ಅವನಿಗೆ ಅದು ಗೊತ್ತೂ ಇಲ್ಲ. ಯಾರಾದ್ರೂ ಹೇಳಬೇಕು."

ಅವಳು ಆ ಸಾಲನ್ನು ತೆಗೆದುಹಾಕಬಹುದಿತ್ತು. ಬ್ಯಾಂಕಿಗೆ ಬೇರೆ ವರದಿ, ಮೇಷ್ಟ್ರಿಗೆ ಬೇರೆ ವರದಿ ಬರೆಯಬಹುದಿತ್ತು, ಲೋಕದಲ್ಲಿ ಎಲ್ಲರೂ ಮಾಡುವುದು ಅದನ್ನೇ. ಆದರೆ ಹೊಸದಾಗಿ ಕಲಿತ ವಿದ್ಯೆಗೆ ಹೊಸ ಚಪ್ಪಲಿಯ ಹಾಗೆ ಒಂದು ಕಿರಿಕಿರಿ ಇರುತ್ತದೆ, ಅದು ಎಲ್ಲಿ ಕಾಲಿಟ್ಟರೂ ಸದ್ದು ಮಾಡಲೇಬೇಕು. ವರದಿಯ ಕೊನೆಯಲ್ಲಿ ಅವಳು ದಪ್ಪ ಅಕ್ಷರದಲ್ಲಿ ಬರೆದಳು: ಈ ವ್ಯವಹಾರವನ್ನು ಮುಚ್ಚಿ ಜಾಗವನ್ನು ಮಾರುವುದೇ ಮಾಲೀಕರಿಗೆ ಲಾಭದಾಯಕ.

ಒಪ್ಪಿಸಿದ ದಿನ ಸಭಾಂಗಣದಲ್ಲಿ ಪಿಸುಮಾತೂ ಇರಲಿಲ್ಲ. ಕತ್ತರಿಯ ಬಾಯಿ ಕತ್ತರಿಸುತ್ತಲೇ ಹೋಯಿತು. ಹೊರಗಿನಿಂದ ಬಂದಿದ್ದ ಹೂಡಿಕೆ ಕಂಪನಿಯವರು, ಈ ಜಾಗದ ಮಾಲೀಕರು ನಿಮಗೆ ಪರಿಚಯವೇ ಎಂದು ಕೇಳಿದರು. ನನ್ನ ತಂದೆ, ಎಂದಳು. ಚಪ್ಪಾಳೆ ಬಿತ್ತು. ಎಂದೂ ಎದ್ದು ನಿಲ್ಲದ ಮೇಷ್ಟ್ರು ಎದ್ದು ನಿಂತರು. ಹೂಡಿಕೆ ಕಂಪನಿಯವರು ವಿಳಾಸದ ಚೀಟಿ ಕೊಟ್ಟು, ಓದು ಮುಗಿದ ಮೇಲೆ ಬಂದು ನೋಡಿ ಎಂದರು. ಇಡೀ ತರಗತಿಗೆ ಹೆಚ್ಚಿನ ಅಂಕ ಅವಳಿಗೇ. ಮನೆಗೆ ಹೋಗುವ ಬಸ್ಸಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿದ್ದರೂ ನಿಂತೇ ಇದ್ದಳು, ಅಷ್ಟು ಉಬ್ಬಿಹೋಗಿದ್ದಳು.

ಭಾನುವಾರ ಊಟವಾದ ಮೇಲೆ ಅಪ್ಪನೇ ಓದಿ ಹೇಳು ಎಂದ. ಚಿಕ್ಕಪ್ಪನನ್ನೂ ಕರೆಸಿದ್ದ. ಮುಂದಿನ ಕೋಣೆಯಲ್ಲಿ ಅಪ್ಪ ಕುರ್ಚಿಯಲ್ಲಿ, ಚಿಕ್ಕಪ್ಪ ನೋಯುವ ಮಂಡಿ ಚಾಚಿಕೊಂಡು ಮಂಚದ ಮೇಲೆ, ಅಮ್ಮ ಬಾಗಿಲಿಗೆ ಒರಗಿಕೊಂಡು. ಕತ್ತರಿ ಹೇಗೆ ಹೇಳುವುದು ಎಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿದ್ದಳು. ಅಪ್ಪನಿಗೆ ನೋವಾಗದ ಹಾಗೆ, ಇಷ್ಟು ವರ್ಷ ನೀನು ಎಷ್ಟೆಲ್ಲ ಬಿಟ್ಟುಕೊಟ್ಟೆ ನೋಡು ಎಂಬ ಕಡೆಯಿಂದ ಶುರುಮಾಡಿದಳು. ಅದಕ್ಕೇ ಸಂಬಳದ ಸಾಲನ್ನು ಮೊದಲು ಓದಿದಳು.

ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಂದ. ಇನ್ನೊಂದು ಸಲ ಓದು ಎಂದ. ಅವಳು ಓದಿದಳು.

"ನಲವತ್ತೆರಡು ಸಾವಿರ," ಎಂದ. "ನನಗಾ?"

"ನಿನ್ನ ಕೆಲಸಕ್ಕೆ ಅಷ್ಟು ಕೊಡಬೇಕಪ್ಪಾ. ಪಟ್ಟಿಯಲ್ಲಿ ಇದೆ."

ಅಪ್ಪನ ಮುಖದಲ್ಲಿ ಮೂಡಿದ್ದನ್ನು ಕತ್ತರಿ ಹಿಂದೆ ಕಂಡಿರಲಿಲ್ಲ. ಅವಳು ನೋವಿಗೆ ಸಿದ್ಧಳಾಗಿ ಬಂದಿದ್ದಳು, ಅಲ್ಲಿದ್ದದ್ದು ನಾಚಿಕೆ ಬೆರೆತ ಸಂತೋಷ. ಅಂಟು ಕೂತ ಉಗುರುಗಳನ್ನು ಅವನು ಒಮ್ಮೆ ನೋಡಿಕೊಂಡ. ಹೊರಗೆ ಓಡಾಡುವ ತಮ್ಮನೇ ಮನೆ ಸಾಕುತ್ತಿದ್ದಾನೆ, ತಾನು ಒಳಗೆ ಕೂತು ಪಾಲು ತಿನ್ನುತ್ತಿದ್ದೇನೆ ಎಂದು ಇಷ್ಟು ವರ್ಷ ಒಳಗೊಳಗೇ ಕುಗ್ಗಿದ್ದನಂತೆ. ಅದನ್ನು ಅವತ್ತು ಬಾಯಿಬಿಟ್ಟು ಹೇಳಿದ. ಚಿಕ್ಕಪ್ಪ ಮಂಡಿ ಉಜ್ಜಿಕೊಳ್ಳುತ್ತ, ಏನು ಮಾತು ಅಣ್ಣ ಇದು ಎಂದು ಗದರಿಸಿದ. ಅಮ್ಮ ಮಾತ್ರ ಬಾಗಿಲಿಂದ ಕದಲಲಿಲ್ಲ.

"ಅಷ್ಟು ಯಾರು ಕೊಡ್ತಾರೆ ಇವರಿಗೆ?" ಎಂದಳು.

"ಮಾರ್ಕೆಟ್ ಕೊಡುತ್ತಮ್ಮ," ಎಂದಳು ಕತ್ತರಿ.

"ಮಾರ್ಕೆಟ್ ಅಂದ್ರೆ ಯಾರೇ?"

ಕತ್ತರಿ ನಕ್ಕಳು. ಇಂಥ ಪ್ರಶ್ನೆಗೆ ತರಗತಿಯಲ್ಲಿ ಎಲ್ಲರೂ ನಗುತ್ತಾರೆ. ಆಮೇಲೆ ಅಮ್ಮನಿಗೆ ತಾಳ್ಮೆಯಿಂದ ವಿವರಿಸಿದಳು, ಬೇಡಿಕೆ ಎಂದರೇನು, ಅನುಭವಕ್ಕೆ ಬೆಲೆ ಹೇಗೆ ಬರುತ್ತದೆ. ಅಮ್ಮ ಪೂರ್ತಿ ಕೇಳದೆ ಪಾತ್ರೆ ತೊಳೆಯಲು ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು. ಆ ಸದ್ದಿನ ನಡುವೆಯೇ ಕತ್ತರಿ ವರದಿಯ ಕೊನೆಯ ದಪ್ಪ ಸಾಲನ್ನೂ ಓದಿ ಮುಗಿಸಿದಳು.

ಮುಚ್ಚೋಣ ಎಂದದ್ದು ಚಿಕ್ಕಪ್ಪನಲ್ಲ, ಅಪ್ಪ. ಬೀದಿಯ ಜನ ಆಮೇಲೆ ಚಿಕ್ಕಪ್ಪನ ತಲೆಗೇ ಕಟ್ಟಿದರು, ಅದು ಸುಳ್ಳು. ಚಿಕ್ಕಪ್ಪನಿಗೆ ಸ್ಕೂಟರ್ ಹೊಡೆದು ಸಾಕಾಗಿತ್ತು, ಷೆಡ್ಡನ್ನು ಗೋದಾಮಿಗೆ ಕೇಳುವವರೂ ಇದ್ದರು, ಆದರೆ ಅಣ್ಣನ ಎದುರು ಬಾಯಿ ತೆಗೆಯುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಅಪ್ಪನೇ ಎರಡು ದಿನ ಅದೇ ವರದಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ. ಅರ್ಥವಾಗದ ಪುಟಗಳನ್ನು ಬೇಗ ತಿರುವಿ, ಅರ್ಥವಾಗುವ ಒಂದು ಸಾಲಿಗೆ ಬಂದು ನಿಲ್ಲುತ್ತಿದ್ದ. ಮೂರನೆಯ ದಿನ ತಮ್ಮನನ್ನು ಕರೆದು, ಯೂನಿವರ್ಸಿಟಿಯವರು ಲೆಕ್ಕ ಹಾಕಿ ಹೇಳಿದ್ದಾರೆ, ನಾವು ಮೂರ್ಖರಾಗೋದು ಬೇಡ ಎಂದ. ನಾನು ಎಲ್ಲಾದರೂ ಕೆಲಸಕ್ಕೆ ಸೇರ್ತೀನಿ, ನಿನ್ನ ಮಂಡಿಗೂ ಸುಖ. ಕತ್ತರಿ ಪಕ್ಕದಲ್ಲೇ ಕೂತಿದ್ದಳು. ಬೇಡ ಅಪ್ಪಾ ಎನ್ನಬೇಕೆನಿಸಿತು, ಆದರೆ ಅವಳ ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿಲ್ಲದ ಲೆಕ್ಕದ ಎದುರು ಮನಸ್ಸಿನ ಮಾತು ಕೇಳುವುದು ಅವಳಿಗೆ ಕಲಿಸಿದ ಪಾಠದಲ್ಲಿ ಇರಲಿಲ್ಲ.

ಷೆಡ್ಡು ಮಾರಿಹೋಯಿತು. ಯಂತ್ರಗಳನ್ನು ಗುಜರಿಯವರು ತೂಕಕ್ಕೆ ಹಾಕಿಕೊಂಡು ಹೋದರು. ಅಂಟಿನ ಹೆಂಗಸರಿಗೆ ಅಪ್ಪ ಕೈಲಾದಷ್ಟು ಕೊಟ್ಟು ಕಳಿಸಿದ. ಚಿಕ್ಕಪ್ಪನಿಗೆ ಮಾರ್ಕೆಟ್ ನಿಜಕ್ಕೂ ಸಿಕ್ಕಿತು. ಡಬ್ಬ ಕೊಳ್ಳುತ್ತಿದ್ದ ಚಪ್ಪಲಿ ಕಂಪನಿಯವರೇ ಅವನನ್ನು ಕೂತು ಮಾಡುವ ಕೆಲಸಕ್ಕೆ ಕರೆದುಕೊಂಡರು, ಸಂಬಳವೂ ಕತ್ತರಿ ಬರೆದದ್ದಕ್ಕಿಂತ ಒಂದು ಕೈ ಮೇಲೆಯೇ. ಅದನ್ನು ಕಂಡು ಅಪ್ಪನಿಗೆ ಇನ್ನಷ್ಟು ಧೈರ್ಯ ಬಂತು.

ಅವನು ಮೊದಲು ಹೋದದ್ದು ಬೈಪಾಸಿನ ಆಚೆಗಿದ್ದ ದೊಡ್ಡ ಡಬ್ಬ ಕಾರ್ಖಾನೆಗೆ. ಅಲ್ಲಿ ಕೆಲಸ ಕೇಳಿ ಬಂದವರನ್ನು ವಿಚಾರಿಸುವ ಹುಡುಗಿ ಕುರ್ಚಿ ಕೊಟ್ಟು ಕೂರಿಸಿ, ಕಂಪ್ಯೂಟರಿನಲ್ಲಿ ಕತ್ತರಿಸುವ ಯಂತ್ರ ನಡೆಸಿ ಗೊತ್ತೇ ಎಂದು ಕೇಳಿದಳು. ಆಮೇಲೆ ವಯಸ್ಸು ಕೇಳಿದಳು. ಅಪ್ಪ ಐವತ್ತೆಂಟು ಎಂದ. ನಿಮ್ಮ ನಿರೀಕ್ಷೆ ಎಷ್ಟು ಎಂದದ್ದಕ್ಕೆ ಎದೆ ಸೆಟೆಸಿ ಅಂಕಿ ಹೇಳಿದ. ಹುಡುಗಿ ನಗಲಿಲ್ಲ, ಬರೆದುಕೊಂಡು ತಿಳಿಸುತ್ತೇವೆ ಎಂದಳು. ಎರಡನೆಯ ಜಾಗದಲ್ಲಿ ನಕ್ಕರು. ಮೂರನೆಯ ಜಾಗದ ಮಾಲೀಕ ಹಳೆಯ ಪರಿಚಯ. ಪ್ಯಾಕಿಂಗ್ ವಿಭಾಗದಲ್ಲಿ ಬಂದು ಇರಿ, ಹನ್ನೊಂದು ಸಾವಿರ ಕೊಡ್ತೀನಿ, ಊಟ ನಮ್ಮದೇ ಎಂದ. ಅಪ್ಪ ವಿನಯದಿಂದಲೇ, ನನ್ನ ಸಂಬಳ ನಲವತ್ತೆರಡು ಸಾವಿರ ಎಂದು ಹೇಳಿ ಎದ್ದು ಬಂದ. ಹೀಗೆ ಅವನು ಹೋಗದ ಬಾಗಿಲಿಲ್ಲ. ಕೊನೆಗೆ ಬೀದಿಯಲ್ಲಿ ಅವನ ಹೆಸರೇ ನಲವತ್ತೆರಡು ಸಾವಿರ ಎಂದಾಯಿತು. ಪೇಪರ್ ಅಂಗಡಿಯವನು, ಕ್ಷೌರದವನು, ಎಲ್ಲರೂ ಅವನು ಆಚೆ ತಿರುಗಿದ ಮೇಲೆ ಹಾಗೇ ಅನ್ನುವರು. ಒಂದು ದಿನ ಕತ್ತರಿಯ ಕಿವಿಗೂ ಬಿತ್ತು. ಎಲ್ಲರ ಮಾತು ತುಂಡರಿಸುವ ಹುಡುಗಿ ಅವತ್ತು ತಲೆ ತಗ್ಗಿಸಿ ಬೇರೆ ಬೀದಿ ಹಿಡಿದಳು.

ಅಷ್ಟು ಹೊತ್ತಿಗೆ ಅವಳ ಓದು ಮುಗಿಯುತ್ತ ಬಂದಿತ್ತು. ಮೇಷ್ಟ್ರ ಕೋಣೆಗೆ ಹೋದಳು. ಈ ಸಲ ನಡುವೆ ತುಂಡರಿಸದೆ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದಳು. ಮೇಷ್ಟ್ರು ಬಾಟಲಿಯ ಮುಚ್ಚಳ ತಿರುಗಿಸುತ್ತ ಕೇಳಿದರು. ತಂದೆಯ ವಯಸ್ಸೆಷ್ಟು ಎಂದರು, ಅವಳು ಹೇಳಿದಳು. ಅವರ ಕೈ ಅಲ್ಲೇ ನಿಂತಿತು.

"ನೀವು ವರದಿಯಲ್ಲಿ ವಯಸ್ಸು ಎಲ್ಲೂ ಬರೆದಿರಲಿಲ್ಲ," ಎಂದರು.

"ಬರೆದಿದ್ರೆ?"

"ಕೊಳ್ಳೋರಿಗೆ ಬೆಲೆ ಹೇಳುವಾಗ ಆ ಸಂಬಳ ಸರಿ. ಮುಚ್ಚಬೇಕಾ ಬೇಡವಾ ಅನ್ನೋದಕ್ಕೆ ಬೇರೆ ಸಂಬಳ ಬೇಕು. ಅಲ್ಲಿ ಬಿಟ್ಟು ಬಂದ್ರೆ ಅವರಿಗೆ ಹೊರಗೆ ನಿಜವಾಗಿ ಏನು ಸಿಗುತ್ತೆ, ಅದು. ಹನ್ನೊಂದು ಸಿಗುತ್ತೆ ಅಂದ್ರೆ ಹನ್ನೊಂದು, ಏನೂ ಸಿಗಲ್ಲ ಅಂದ್ರೆ ಸೊನ್ನೆ ಬರೀಬೇಕಿತ್ತು." ಮೇಷ್ಟ್ರು ಕಿಟಕಿಯ ಕಡೆ ನೋಡಿದರು. "ನಾನೂ ನೋಡಬೇಕಿತ್ತು. ಅವತ್ತು ಯಾರೋ ಹೊರಗಿನವರು ಅಂದ್ಕೊಂಡೆ."

ಮನುಷ್ಯ ಕೆಟ್ಟವರಲ್ಲ, ಕಾಫಿ ಬಗ್ಗಿಸಿಕೊಟ್ಟರು. ಅಂಕಗಳನ್ನು ಈಗ ತಿದ್ದಲು ಬರುವುದಿಲ್ಲ, ಆದ್ದರಿಂದ ಆ ಬಗ್ಗೆ ಚಿಂತೆ ಬೇಡ ಎಂದು ಸಮಾಧಾನವನ್ನೂ ಹೇಳಿದರು. ಆ ಸಮಾಧಾನ ಕೇಳಿ ಕತ್ತರಿಗೆ ಅವರ ಮೇಜು ಮಗುಚಿಹಾಕುವಷ್ಟು ರೋಷ ಬಂತು. ಅದು ಅವರ ಮೇಲಿನ ರೋಷವಲ್ಲ ಎಂಬುದು ಗೊತ್ತಿದ್ದರಿಂದ ಕಾಫಿ ಕುಡಿದು ಎದ್ದು ಬಂದಳು.

ಗ್ರಂಥಾಲಯದ ಮೂಲೆಯಲ್ಲಿ ಕೂತು ಹಳೆಯ ಲೆಕ್ಕ ತೆರೆದಳು. ಅಪ್ಪನ ಹೆಸರಿನ ಮುಂದಿದ್ದದ್ದನ್ನು ಅಳಿಸಿ, ಅವನಿಗೆ ಹೊರಗೆ ಸಿಕ್ಕ ಒಂದೇ ಬೆಲೆ ಹನ್ನೊಂದು ಸಾವಿರವನ್ನು ಹಾಕಿದಳು. ಜಾಗ ಬಾಡಿಗೆಗೆ ಕೊಟ್ಟಿದ್ದರೆ ಬರುತ್ತಿದ್ದದ್ದನ್ನು ಕಳೆದಳು, ಸಾಲದ ಬಡ್ಡಿ ಕಳೆದಳು, ಚಿಕ್ಕಪ್ಪನ ಸಂಬಳ ಕಳೆದಳು, ಮೇಷ್ಟ್ರು ಹೇಳಿಕೊಟ್ಟ ಹಾಗೆ ನಾಳೆಯದರಲ್ಲಿ ನಾಡಿದ್ದಿನದರಲ್ಲಿ ಇಷ್ಟಿಷ್ಟು ಕಳೆದಳು. ಅಷ್ಟೆಲ್ಲ ಕಳೆದರೂ ಕೆಳಗಿನ ಸಾಲಿನಲ್ಲಿ ಉಳಿತಾಯವಿತ್ತು. ಹೊಸ ಯಂತ್ರ ಸೇರಿಸಿದಳು, ಉಳಿತಾಯ ಇನ್ನೂ ಹೆಚ್ಚಾಯಿತು. ಬ್ಯಾಂಕಿನವರು ಕಣ್ಣು ಮುಚ್ಚಿಕೊಂಡು ಸಾಲ ಕೊಡಬಹುದಾದ ವ್ಯವಹಾರ. ಅಪ್ಪ ಅದನ್ನು ಕೇಳಲೆಂದೇ ಅವಳನ್ನು ಓದಲು ಕಳಿಸಿದ್ದ. ಪಕ್ಕದ ಮೇಜಿನ ಹುಡುಗಿ ನೀರು ಬೇಕೇ ಎಂದು ಕೇಳಿದಾಗಲೇ ತಾನು ಅಳುತ್ತಿರುವುದು ಅವಳಿಗೆ ಗೊತ್ತಾದದ್ದು.

ಅಪ್ಪನಿಗೆ ಹೇಳಿದಳು. ಹೇಳಲಿಲ್ಲ ಅನ್ನುವ ಹಾಗಿಲ್ಲ. ಆ ನಲವತ್ತೆರಡು ಸಾವಿರ ನನ್ನ ತಪ್ಪು ಅಪ್ಪಾ, ನಿನಗೆ ಅಷ್ಟು ಯಾರೂ ಕೊಡಲ್ಲ, ಷೆಡ್ಡು ಮುಚ್ಚಬಾರದಿತ್ತು ಎಂದು ಬಿಡಿಸಿ ಹೇಳಿದಳು. ಅಪ್ಪ ಅವಳ ತಲೆ ಸವರಿ, ಕೆಲಸ ಸಿಗಲಿಲ್ಲ ಅಂತ ನನಗೋಸ್ಕರ ನಿನ್ನ ಓದನ್ನೇ ಸುಳ್ಳು ಮಾಡ್ತೀಯಾ ಎಂದ. ಇಡೀ ತರಗತಿಗೆ ಹೆಚ್ಚು ಅಂಕ ಕೊಟ್ಟಿದ್ದಾರೆ, ಮೇಷ್ಟ್ರು ಎದ್ದು ನಿಂತಿದ್ದಾರೆ, ಅದು ತಪ್ಪಾಗಲು ಹೇಗೆ ಸಾಧ್ಯ. ತಪ್ಪು ಕೆಲಸ ಕೊಡದವರದು. ಅವರಿಗೆ ಲೆಕ್ಕ ಬರುವುದಿಲ್ಲ.

ಅಡುಗೆಮನೆಯಲ್ಲಿದ್ದ ಅಮ್ಮ ಕೈಯ ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಆಮೇಲೆ ಮಗಳನ್ನು ಒಳಗೆ ಕರೆದು, ಇನ್ನೊಂದು ಸಲ ಈ ಮಾತು ಎತ್ತಬೇಡ ಎಂದಳು.

"ಷೆಡ್ಡು ಹೋಯ್ತು. ಈಗ ಅವರ ಹತ್ತಿರ ಉಳಿದಿರೋದು ಅದೊಂದೇ. ಅದನ್ನೂ ಕಿತ್ಕೋಬೇಡ."

ಕತ್ತರಿ ಈಗ ಆ ಹೂಡಿಕೆ ಕಂಪನಿಯಲ್ಲೇ ಇದ್ದಾಳೆ. ಸಣ್ಣ ಸಣ್ಣ ವ್ಯವಹಾರಗಳಿಗೆ ಬೆಲೆ ಕಟ್ಟುವುದು ಕೆಲಸ. ಬೇಕರಿ, ಗರಗಸದ ಮಿಲ್ಲು, ಬಣ್ಣದ ಅಂಗಡಿ. ಹೋದಲ್ಲೆಲ್ಲ ಮಾಲೀಕನ ವಯಸ್ಸು ಮೊದಲು ಕೇಳುತ್ತಾಳೆ, ಇಲ್ಲಿಂದ ಎದ್ದರೆ ಇವರು ಎಲ್ಲಿಗೆ ಹೋಗುತ್ತಾರೆ ಎಂದು ಕೇಳುತ್ತಾಳೆ. ಮೇಲಿನವರು ಆ ಸಾಲನ್ನು ಹೊಡೆದುಹಾಕುತ್ತಾರೆ. ನಾವು ಕೊಳ್ಳುವವರ ಕಡೆಯವರು, ಎದ್ದವರು ಎಲ್ಲಿಗೆ ಹೋದರೆ ನಮಗೇನು ಎಂಬುದು ಅವರ ಮಾತು, ಅವರ ಲೆಕ್ಕದಲ್ಲಿ ತಪ್ಪಿಲ್ಲ. ಸಂಬಳ ಒಳ್ಳೆಯದಿದೆ. ಅದರಲ್ಲೇ ಮನೆ ನಡೆಯುತ್ತದೆ. ಅವಳ ಬಾಯಿ ಮೊದಲಿನ ಹಾಗಿಲ್ಲ ಎಂದು ಚಿಕ್ಕಪ್ಪ ಬೇಸರ ಮಾಡಿಕೊಳ್ಳುತ್ತಾನೆ.

ಅಪ್ಪ ಬೆಳಗ್ಗೆ ಎದ್ದು ಒಗೆದ ಅಂಗಿ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಾನೆ. ಕೆಲಸ ಖಾಲಿ ಇದೆ ಎಂಬ ಪುಟವನ್ನು ಕೊನೆಗೆ ಇಟ್ಟುಕೊಳ್ಳುತ್ತಾನೆ. ಉಗುರಿನ ಸಂದಿಯ ಅಂಟು ಯಾವಾಗಲೋ ಹೋಗಿದೆ, ಕೈಗಳು ಗುಮಾಸ್ತನ ಕೈಗಳ ಹಾಗೆ ಬೆಳ್ಳಗಾಗಿವೆ. ಕತ್ತರಿಯ ಕಂಪನಿಯಲ್ಲಿ ವರ್ಷಕ್ಕೊಮ್ಮೆ ಸಂಬಳ ಏರಿಸುತ್ತಾರೆ. ಅವಳು ಬಂದು ಹೇಳಿದ ಸಂಜೆ ಅಪ್ಪ ಖುಷಿಪಟ್ಟು, ಅಮ್ಮ ಒಳಗೆ ಹೋಗುವುದನ್ನು ಕಾದು, ಸ್ವಲ್ಪ ನಾಚಿಕೊಂಡೇ ಕೇಳುತ್ತಾನೆ.

"ನಂದು ಈಗ ಎಷ್ಟಾಗಿರುತ್ತೆ?"

ಕತ್ತರಿ ಚೀಲ ಕೆಳಗಿಟ್ಟು ಕೂರುತ್ತಾಳೆ. ಬೆಲೆ ಏರಿಕೆ ಎಷ್ಟು, ಅನುಭವಕ್ಕೆ ಎಷ್ಟು ಎಂದು ಬೆರಳು ಮಡಿಸಿ ನಿಜವಾಗಿಯೇ ಲೆಕ್ಕ ಹಾಕುತ್ತಾಳೆ, ಒಂದು ಕಾಸೂ ಕಳೆಯುವುದಿಲ್ಲ. ಈ ವರ್ಷ ಐವತ್ತೇಳು ಸಾವಿರದ ಹತ್ತಿರ ಬಂತು.

ಅಪ್ಪ ಪೇಪರ್ ಮಡಚಿ ಮೊಣಕಾಲ ಮೇಲಿಟ್ಟುಕೊಂಡ. "ನೋಡು," ಎಂದ. "ಅವತ್ತು ಹನ್ನೊಂದಕ್ಕೆ ಒಪ್ಕೊಂಡಿದ್ರೆ ಎಷ್ಟು ಮೋಸ ಹೋಗ್ತಿದ್ದೆ."